ಟೈಲ್ಸ್ ಹಚ್ಚುವ ಮುಂಚೆ ನೀರು ನಿಲ್ಲಿಸಿ

ಈಚೆಗೆ ಬೀಳಗಿ, ಮುಧೋಳ, ಜಮಖಂಡಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ತೋಟದ ಮನೆಯಲ್ಲಿ ಈಜುಕೊಳ ಇತ್ತು, ಹಳೆಯದಾಗಿತ್ತು, ಗುತ್ತಿಗೆ ಕೊಟ್ಟು ಹೊಸದಾಗಿ ಮಾಡಿಸಿದೆವು. ಈಗ ನೀರು ನಿಲ್ಲುತ್ತಿಲ್ಲ, ಟೈಲ್ಸ್ ಏಳುತ್ತಿವೆ, ಗುತ್ತೇದಾರ ಫೋನ್ ಎತ್ತುತ್ತಿಲ್ಲ, ಮುಂದೇನು ಮಾಡೋಣ? ಕೊಳ ಇಲ್ಲದವರು ಇದೇ ಮಾತನ್ನು ಅಂಗಳದ ನೆಲದೊಳಗಿನ ನೀರಿನ ತೊಟ್ಟಿಯ ಬಗ್ಗೆ, ಮಾಳಿಗೆಯ ಮೇಲಿನ ಟಾಕಿಯ ಬಗ್ಗೆ ಕೇಳುತ್ತಾರೆ. ಎಲ್ಲರ ತೊಂದರೆಯ ಬೇರೂ ಒಂದೇ ಕಡೆ ಇದೆ. ನೀರು ಹಿಡಿಯುವ ಕಟ್ಟಡದಲ್ಲಿ ಕೆಲಸಗಾರ ಮಾಡಿದ ತಪ್ಪು ಕಣ್ಣಿಗೆ ಬೀಳುವುದು ಕೆಲವೇ ದಿನ. ಆಮೇಲೆ ಅದರ ಮೇಲೆ ಗಿಲಾಯಿ ಬರುತ್ತದೆ, ಗಿಲಾಯಿಯ ಮೇಲೆ ಟೈಲ್ಸ್ ಬರುತ್ತದೆ, ಟೈಲ್ಸ್ ಮೇಲೆ ನೀರು ಬರುತ್ತದೆ. ತಪ್ಪು ಮೂರು ಪದರದ ಕೆಳಗೆ ಹೋಗಿ ಕುಳಿತಿರುತ್ತದೆ, ಅಷ್ಟರಲ್ಲಿ ದುಡ್ಡೂ ಕೈಬಿಟ್ಟು ಹೋಗಿರುತ್ತದೆ.

ನಮ್ಮ ಸೀಮೆಗೆ ಈ ಕೆಲಸ ಹೊಸದು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇಲ್ಲಿ ಈಸು ಕಲಿಯುವುದೆಂದರೆ ಬಾವಿಗೆ ಬೀಳುವುದಾಗಿತ್ತು. ನಡಕ್ಕೆ ಹಗ್ಗ ಕಟ್ಟಿ ಅಪ್ಪನೋ ಕಾಕಾನೋ ಮೇಲೆ ನಿಂತು ಹಿಡಿಯುತ್ತಿದ್ದರು, ಬೆನ್ನಿಗೆ ಒಣಗಿದ ಸೋರೆಬುರುಡೆ ಇರುತ್ತಿತ್ತು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಬತ್ತಿದವು. ಕಬ್ಬು ಬಂತು, ಹೊಲದಲ್ಲೇ ಆರ್‌ಸಿಸಿ ಮನೆಗಳು ಎದ್ದವು, ಪುಣೆ–ಬೆಂಗಳೂರಲ್ಲಿ ಕೆಲಸ ಮಾಡುವ ಮಕ್ಕಳು ರಜೆಗೆ ಬಂದಾಗ ಮೊಮ್ಮಕ್ಕಳಿಗೆ ಇರಲಿ ಎಂದು ಮನೆಯ ಮಗ್ಗುಲಲ್ಲಿ ಕೊಳ ಬಂತು. ಇದರಲ್ಲಿ ತಪ್ಪು ಹುಡುಕಲು ನಾನು ಸಿದ್ಧನಿಲ್ಲ. ಬಾವಿಗಳು ಬತ್ತಿದ ಊರಿನಲ್ಲಿ ಮಕ್ಕಳು ಈಸುವುದನ್ನು ಎಲ್ಲಿ ಕಲಿಯಬೇಕು? ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ತಾಲೂಕು ನಮ್ಮ ಬೀಳಗಿ. ಆಲಮಟ್ಟಿಯ ಹಿನ್ನೀರು ಊರ ಅಂಚಿನವರೆಗೆ ಬಂದಿರುವಾಗ ಈಸು ಬರದೆ ಬೆಳೆಯುವ ಮಗುವಿಗೆ ಅಪಾಯ ಹೆಚ್ಚು.

ಆದರೆ ನಮ್ಮ ಗೌಂಡಿಗಳ ಕೈ ಪಳಗಿದ್ದು ಬೇರೆ ಬಗೆಯ ನೀರಿನ ಕೆಲಸದಲ್ಲಿ. ಬೀಳಗಿಯ ಅರೆತ್ತಿನ ಬಾವಿಯನ್ನು ನೋಡಿ, ಬಾದಾಮಿ ತಾಲೂಕಿನ ಮಹಾಕೂಟದ ಪುಷ್ಕರಿಣಿಯನ್ನು ನೋಡಿ. ಬಾವಿ ಕಟ್ಟುವವನಿಗೆ ಸೆಲೆ ಒಳಗೆ ಬರಬೇಕು. ಕಲ್ಲಿನ ಸಂದಿಯೇ ಅದರ ಜೀವ. ಈಜುಕೊಳದಲ್ಲಿ ಲೆಕ್ಕ ಪೂರ್ತಿ ತಿರುಗುತ್ತದೆ. ಒಳಗಿನ ನೀರು ಹೊರಗೆ ಹೋಗಬಾರದು, ಹೊರಗಿನ ನೀರು ಒಳಗೆ ನುಗ್ಗಬಾರದು, ಎರಡೂ ಕಡೆಯ ಒತ್ತಡಕ್ಕೆ ಗೋಡೆ ತಡೆಯಬೇಕು. ಮನೆಯ ಗೋಡೆಯನ್ನು ಚೆಂದ ಎತ್ತುವ ಗೌಂಡಿಗೆ ಇದು ತಾನಾಗಿ ಬರುವ ವಿದ್ಯೆಯಲ್ಲ. ‘ಕ್ಲಾಸ್ ಒನ್ ಕಾಂಟ್ರ್ಯಾಕ್ಟರ್’ ಎಂಬ ಬೋರ್ಡು ಕಂಡು ಕೆಲಸ ಕೊಡುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆ ದರ್ಜೆ ಸರ್ಕಾರಿ ಕಾಮಗಾರಿಗಳ ಟೆಂಡರಿಗೆ ಸಂಬಂಧಿಸಿದ್ದು. ರಸ್ತೆ ಮಾಡಿದವರು, ಶಾಲೆ ಕೊಠಡಿ ಕಟ್ಟಿದವರು ಕೊಳವನ್ನೂ ಮಾಡಬಲ್ಲರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅವರು ಈ ಹಿಂದೆ ಮಾಡಿದ ಕೊಳ ಎಲ್ಲಿದೆ, ಎರಡು ಮಳೆಗಾಲ ಕಂಡಿದೆಯೇ, ಅದರ ಮಾಲೀಕರು ಏನನ್ನುತ್ತಾರೆ — ಕೇಳಬೇಕಾದ್ದು ಇಷ್ಟು.

ನಮ್ಮ ಅಣ್ಣನ ತೋಟದ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಓದುಗರ ಪತ್ರಗಳಲ್ಲಿರುವುದೆಲ್ಲ ಅದರೊಳಗೆ ಬರುತ್ತದೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಐದು ಅಡಿ ನೀರು ನಿಲ್ಲುವ ಸಾಧಾರಣ ಕೊಳ. ಹಳೆಯ ಟೈಲ್ಸ್ ಅಲ್ಲಲ್ಲಿ ಬಿಟ್ಟಿದ್ದವು, ಪೈಪು ಹಳತಾಗಿತ್ತು. ಗುತ್ತೇದಾರ ಬಂದು ನೋಡಿ ಒಂದು ಮೊತ್ತ ಹೇಳಿದರು, ಮಾತು ಬಾಯಿಮಾತಿನಲ್ಲೇ ಮುಗಿಯಿತು. ಹಳೆಯ ಟೈಲ್ಸ್ ಪೂರ್ತಿ ಕಿತ್ತು, ಗಿಲಾಯಿ ಕೆತ್ತಿ, ಕಾಂಕ್ರೀಟು ಕಾಣುವಂತೆ ಮಾಡಿ, ಸಂದು ತುಂಬಿ, ನೀರು ತಡೆಯುವ ಲೇಪನ ಹಚ್ಚಿ ಅದರ ಮೇಲೆ ಹೊಸ ಟೈಲ್ಸ್ ಬರಬೇಕಿತ್ತು. ಆದದ್ದೇನೆಂದರೆ, ಸಡಿಲಾದ ಟೈಲ್ಸ್ ಮಾತ್ರ ತೆಗೆದು, ಗಟ್ಟಿ ಕಂಡವನ್ನು ಹಾಗೇ ಬಿಟ್ಟು, ಎಲ್ಲದರ ಮೇಲೆ ಸಿಮೆಂಟಿನ ಹಾಲು ಎರಚಿ ಹೊಸದನ್ನು ಅಂಟಿಸಿದರು. ನೀರು ತುಂಬಿಸಿದ ದಿನ ಕೊಳ ಕಣ್ಣು ಕುಕ್ಕುವಂತಿತ್ತು. ವಾರ ಕಳೆಯುವಷ್ಟರಲ್ಲಿ ಮೇಲಿನ ಮೆಟ್ಟಿಲು ಬಯಲಾಯಿತು. ಕೇಳಿದರೆ, ‘ಹೊಸಾ ಕೆಲಸ ಐತ್ರೀ, ನೀರು ಕುಡಿತೈತಿ, ಇನ್ನೊಂದ್ ಹದಿನೈದ್ ದಿನಾ ತಡೀರಿ’ ಎಂದರು.

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಕಾಂಕ್ರೀಟು ಮೊದಲ ದಿನಗಳಲ್ಲಿ ನೀರು ಹೀರುತ್ತದೆ. ನೀರು ತುಂಬುವ ಕಾಂಕ್ರೀಟ್ ಕಟ್ಟಡಗಳಿಗೆಂದೇ ನಮ್ಮ ದೇಶದಲ್ಲಿ ಐಎಸ್ 3370 ಎಂಬ ಮಾನದಂಡವಿದೆ. ಅದು ಹೇಳುವುದೂ ಹೀಗೆಯೇ. ತೊಟ್ಟಿ ತುಂಬಿಸಿ ಏಳು ದಿನ ಹಾಗೆ ಬಿಡಬೇಕು, ಹೀರುವುದೆಲ್ಲ ಹೀರಲಿ. ಎಂಟನೆಯ ದಿನ ಮಟ್ಟ ಗುರುತು ಹಾಕಿ, ಮುಂದಿನ ಏಳು ದಿನ ದಿನಕ್ಕೊಮ್ಮೆ ಬರೆದಿಟ್ಟು, ಒಟ್ಟು ಎಷ್ಟು ಇಳಿಯಿತು ಎಂದು ನೋಡಬೇಕು. ಮೊದಲ ವಾರದ ಸಬೂಬು ಎರಡನೆಯ ವಾರಕ್ಕೆ ನಡೆಯುವುದಿಲ್ಲ. ಈ ಪರೀಕ್ಷೆಯನ್ನು ಟೈಲ್ಸ್ ಹಚ್ಚುವ ಮುಂಚೆ, ಬರೀ ಕಾಂಕ್ರೀಟು ಮತ್ತು ಲೇಪನ ಇದ್ದಾಗಲೇ ಮಾಡಿಸಬೇಕು. ಸೋರುವ ಜಾಗ ಆಗ ಬೆರಳಿಟ್ಟು ತೋರಿಸಬಹುದು, ಕಡಿಮೆ ಖರ್ಚಿನಲ್ಲಿ ಮುಚ್ಚಬಹುದು. ‘ಎರಡು ವಾರ ಕೆಲಸ ನಿಲ್ಲುತ್ತದೆ, ಆಳುಗಳು ಬೇರೆ ಕಡೆ ಹೋಗುತ್ತಾರೆ’ ಎಂದು ಗುತ್ತೇದಾರರು ಗೊಣಗುತ್ತಾರೆ. ಹೋಗಲಿ. ಆ ಎರಡು ವಾರದ ಪರೀಕ್ಷೆಯನ್ನು ಬಿಟ್ಟುಕೊಟ್ಟ ಮಾಲೀಕರೇ ಇಂದು ಪತ್ರ ಬರೆಯುತ್ತಿರುವವರು.

ಬಿಸಿಲಿಗೆ ಆರುವ ನೀರೆಷ್ಟು, ಸೋರುವ ನೀರೆಷ್ಟು ಎಂದು ಬೇರ್ಪಡಿಸುವುದು ಸುಲಭ, ಯಾವ ಯಂತ್ರವೂ ಬೇಡ. ಒಂದು ಬಕೀಟನ್ನು ಕೊಳದ ಮೆಟ್ಟಿಲ ಮೇಲೆ, ಅರ್ಧ ಮುಳುಗುವಂತೆ ಇಡಿ. ತೇಲದಂತೆ ತಳದಲ್ಲಿ ಒಂದು ಕಲ್ಲು ಹಾಕಿ. ಬಕೀಟಿನ ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಇರಬೇಕು. ಒಳಗೊಂದು ಗೆರೆ, ಹೊರಗೊಂದು ಗೆರೆ ಎಳೆದು ಒಂದು ಹಗಲು ಒಂದು ರಾತ್ರಿ ಬಿಡಿ. ಅಷ್ಟು ಹೊತ್ತು ಯಾರೂ ಕೊಳಕ್ಕಿಳಿಯಬಾರದು. ಬಿಸಿಲು, ಗಾಳಿ ಎರಡಕ್ಕೂ ಸಮ. ಹೊರಗಿನ ಮಟ್ಟ ಒಳಗಿನದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದೆಲ್ಲ ಸೋರಿಕೆ. ಅಣ್ಣನ ಕೊಳದಲ್ಲಿ ಬಕೀಟಿನ ಒಳಗಿನ ನೀರು ಗೆರೆಗಿಂತ ಉಗುರಿನ ದಪ್ಪದಷ್ಟು ಇಳಿದಿತ್ತು, ಹೊರಗಿನ ನೀರು ಒಂದು ಅಂಗುಲದಾಚೆ ಹೋಗಿತ್ತು. ಆ ಅಳತೆಯ ಕೊಳದಲ್ಲಿ ಒಂದು ಅಂಗುಲವೆಂದರೆ ಸುಮಾರು 470 ಲೀಟರ್. ಬೇಸಿಗೆಯಲ್ಲಿ ಬೋರಿನ ನೀರಿಗೆ ಕಾಯುವ ಊರುಗಳಲ್ಲಿ ಪ್ರತಿದಿನ ಅಷ್ಟು ನೀರು ನೆಲಕ್ಕೆ ಹೋಗುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಇದೇ ಪರೀಕ್ಷೆಯನ್ನು ಪಂಪು ನಡೆಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಮಾಡಿದರೆ ಇನ್ನೊಂದು ಗುಟ್ಟು ತಿಳಿಯುತ್ತದೆ. ಪಂಪು ನಡೆಯುವಾಗ ಹೆಚ್ಚು ಇಳಿದರೆ ಒತ್ತಡದಲ್ಲಿ ನೀರು ವಾಪಸು ತರುವ ಪೈಪಿನ ಜೋಡಣೆಯನ್ನು ಶಂಕಿಸಬೇಕು. ಎರಡೂ ಹೊತ್ತು ಒಂದೇ ಸಮ ಇಳಿದರೆ ಕೊಳದ ಮೈಯಲ್ಲೇ ದೋಷ. ನೀರು ಇಳಿಯುತ್ತ ಇಳಿಯುತ್ತ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ, ಆ ಮಟ್ಟದಲ್ಲಿ ಏನಿದೆ ನೋಡಿ: ದೀಪದ ಗೂಡು, ಪೈಪು ಗೋಡೆ ತೂರಿ ಬಂದ ಜಾಗ, ಮೆಟ್ಟಿಲು ಗೋಡೆಗೆ ಕೂಡುವ ಸಂದು. ಸೋರಿಕೆ ಸಾಮಾನ್ಯವಾಗಿ ಇಂಥ ಕೂಡುಗಳಲ್ಲೇ ಇರುತ್ತದೆ. ಟೈಲ್ಸ್‌ಗೆ ಒಂದು ನಾಣ್ಯ ಸಾಕು. ಕೊಳ ಬರಿದಾದಾಗ ಒಂದೊಂದು ಟೈಲ್ಸ್ ಮೇಲೂ ತಟ್ಟುತ್ತ ಹೋಗಿ. ಗಟ್ಟಿಯಾಗಿ ಕೂತಿದ್ದರೆ ಸದ್ದು ಚುಟುಕು, ಹಿಂದೆ ಗಾಳಿ ಇದ್ದರೆ ಟೊಳ್ಳು. ಟೊಳ್ಳು ಸದ್ದು ಬಂದದ್ದರ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಇಡೀ ಗೋಡೆಯ ಫೋಟೊ ತೆಗೆಯಿರಿ. ಅಣ್ಣನ ಕೊಳದ ಬಿಸಿಲು ಬೀಳುವ ಗೋಡೆ ಬಿಳಿ ಗುರುತುಗಳಿಂದ ತುಂಬಿಹೋಗಿತ್ತು. ಮುಂದೆ ಅದೊಂದು ಫೋಟೊ ಮಾಡಿದ ಕೆಲಸವನ್ನು ನಮ್ಮ ಎಷ್ಟೋ ಮಾತುಗಳು ಮಾಡಲಿಲ್ಲ.

ಕಾರಣಗಳಲ್ಲಿ ಎರಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯದು ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೂ ಗಿಲಾಯಿಗೂ ನೀರುಣಿಸುವುದು. ಐಎಸ್ 456 ಎಂಬ ಕಾಂಕ್ರೀಟ್ ಸಂಹಿತೆಯ ಪ್ರಕಾರ ಸಾದಾ ಸಿಮೆಂಟಾದರೆ ಕಡಿಮೆಯೆಂದರೂ 7 ದಿನ ಕಾಂಕ್ರೀಟು ಹಸಿಯಾಗಿರಬೇಕು. ಬಿಸಿಲು ಒಣಹವೆಯ ಕಡೆ 10 ದಿನಕ್ಕೆ ಕಡಿಮೆ ಆಗಕೂಡದು. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೂ 10 ದಿನವೇ ಕನಿಷ್ಠ, 14 ದಿನ ಒಳ್ಳೆಯದು. ಮಾರ್ಚ್–ಏಪ್ರಿಲಿನ ಬೀಳಗಿಯ ಬಿಸಿಲು ಬಲ್ಲವರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದರೆ ಏನೂ ಆಗದು ಎಂದು ಗೊತ್ತು. ಗೋಣಿತಾಟು ಹೊದಿಸಿ ಹಸಿ ಇಡಬೇಕು. ಒಣಗಿದ ಗಿಲಾಯಿಯಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ, ನೀರಿಗೆ ಅಷ್ಟು ದಾರಿ ಸಾಕು. ಸಿಮೆಂಟು ನಮ್ಮ ಜಿಲ್ಲೆಯಲ್ಲೇ, ಮುಧೋಳ ತಾಲೂಕಿನ ಮುದ್ದಾಪುರದಲ್ಲೇ ತಯಾರಾಗುತ್ತದೆ, ಆದರೂ ಹಳೆಯ ದಾಸ್ತಾನಿನ ಚೀಲ ಕೆಲಸಕ್ಕೆ ಬರುವುದುಂಟು. ಪ್ರತಿ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ. ಮೂರು ತಿಂಗಳು ದಾಟಿದ್ದನ್ನು ನೀರಿನ ಕೆಲಸಕ್ಕೆ ಬಳಸಗೊಡಬೇಡಿ, ಮತ್ತು ಚೀಲದ ಆ ಭಾಗದ ಫೋಟೊ ಇಟ್ಟುಕೊಳ್ಳಿ.

ಎರಡನೆಯದು ನಮ್ಮ ಯರಿ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ, ಮಳೆಗೆ ಉಬ್ಬಿ ಒತ್ತುವ ಈ ಮಣ್ಣು ಕೊಳದ ಗೋಡೆಯನ್ನು ವರ್ಷಕ್ಕೊಮ್ಮೆ ತಳ್ಳುತ್ತದೆ, ವರ್ಷಕ್ಕೊಮ್ಮೆ ಕೈಬಿಡುತ್ತದೆ. ಅಗೆದ ಯರಿಯನ್ನೇ ಗೋಡೆಯ ಹಿಂದೆ ತುಂಬುವುದು ಇಲ್ಲಿ ಮಾಮೂಲಿ. ತುಂಬಬೇಕಾದ್ದು ಗರಸು, ಪದರ ಪದರವಾಗಿ ಧಮ್ಮಸು ಹಾಕಿ. ಇದಕ್ಕಿಂತ ದೊಡ್ಡ ಅಪಾಯ ರಿಪೇರಿಗಾಗಿ ಕೊಳ ಖಾಲಿ ಮಾಡುವಾಗ ಇದೆ. ನಾನು ಹೇಳಿದ ಅಳತೆಯ ಕೊಳದಲ್ಲಿ 28 ಸಾವಿರ ಲೀಟರ್ ನೀರು, ಅಂದರೆ 28 ಟನ್ ಭಾರ, ತಳವನ್ನು ಒತ್ತಿ ಹಿಡಿದಿರುತ್ತದೆ. ಮಗ್ಗುಲಲ್ಲೇ ಕಬ್ಬಿಗೆ ನೀರು ಬಿಟ್ಟಿದ್ದರೆ, ಅಥವಾ ಮಳೆಗಾಲವಾಗಿದ್ದರೆ, ನೆಲದೊಳಗಿನ ನೀರು ತಳದ ಕೆಳಗಿಂದ ಮೇಲಕ್ಕೆ ನೂಕುತ್ತಿರುತ್ತದೆ. ಮೇಲಿನ ಭಾರ ತೆಗೆದ ಕೂಡಲೇ ಆ ನೂಕು ಗೆಲ್ಲುತ್ತದೆ. ತಳ ಬಿರಿಯುತ್ತದೆ, ಕೆಲವೊಮ್ಮೆ ಇಡೀ ಕೊಳವೇ ದೋಣಿ ತೇಲಿದಂತೆ ಏಳುತ್ತದೆ. ಅದಕ್ಕಾಗಿ ತಳದಲ್ಲಿ ಒತ್ತಡ ಬಿಡುಗಡೆಯ ವಾಲ್ವ್ ಇರಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ಗುಂಡಿ ತೋಡಿ ನೆಲದ ನೀರಿನ ಮಟ್ಟ ನೋಡಿ, ಅದನ್ನು ಇಳಿಸಿಕೊಂಡೇ ಕೊಳ ಬರಿದು ಮಾಡಬೇಕು. ಸೋರಿಕೆಯ ಜಗಳದಲ್ಲಿ ಸಿಟ್ಟಿನಿಂದ ಆಗಸ್ಟ್ ತಿಂಗಳಲ್ಲಿ ಕೊಳ ಖಾಲಿ ಮಾಡಿಸಿದರೆ, ಗುತ್ತೇದಾರನ ತಪ್ಪಿನ ಮೇಲೆ ನಿಮ್ಮ ತಪ್ಪೂ ಸೇರಿ ಯಾರದ್ದು ಯಾವುದು ಎಂದು ಹೇಳಲು ಬಾರದಂತೆ ಆಗುತ್ತದೆ.

ಸೋರಿಕೆ ಹೋಗಲಿ, ದುಡ್ಡು ಹೋದೀತು. ಕೊಳದ ಕೆಲಸದಲ್ಲಿ ಜೀವ ತೆಗೆಯುವ ಅಚಾತುರ್ಯಗಳು ಎರಡಿವೆ, ಅವುಗಳ ಬಗ್ಗೆ ಯಾವ ರಾಜಿಯೂ ಬೇಡ. ನೀರಿನೊಳಗಿನ ದೀಪಗಳು 12 ವೋಲ್ಟಿನವೇ ಆಗಿರಬೇಕು, ಟ್ರಾನ್ಸ್‌ಫಾರ್ಮರ್ ನೀರಿನಿಂದ ದೂರವಿರಬೇಕು, ಪಂಪಿನ ಮೈಗೆ ಸರಿಯಾದ ಅರ್ಥಿಂಗ್ ಇರಬೇಕು, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇರಬೇಕು. ಮನೆಯ 230 ವೋಲ್ಟಿನ ತಂತಿಯನ್ನೇ ಟೇಪು ಸುತ್ತಿ ದೀಪದ ಗೂಡಿಗೆ ಎಳೆದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಅದರಲ್ಲೇ ಆಡುತ್ತಿದ್ದರು. ಇನ್ನೊಂದು ತಳದ ಜಾಲರಿ. ಪಂಪು ನೀರೆಳೆಯುವ ಬಾಯಿಗೆ ಗಟ್ಟಿಯಾಗಿ ಸ್ಕ್ರೂ ಹಾಕಿದ, ಉಬ್ಬಿದ ಮುಚ್ಚಳ ಇರದಿದ್ದರೆ ಮಗುವಿನ ಕೂದಲೋ ಕೈಯೋ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ದೊಡ್ಡವರು ಎಳೆದರೂ ಬಿಡುವುದಿಲ್ಲ. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಲೆಕ್ಕ, ನೋಟಿಸು ಎಲ್ಲ ಆಮೇಲೆ. ಮೊದಲು ಮೇನ್ ಸ್ವಿಚ್ ಬಂದ್ ಮಾಡಿ ಕೊಳಕ್ಕೆ ಯಾರೂ ಇಳಿಯದಂತೆ ಮಾಡಿ.

ಈಗ ಗುತ್ತೇದಾರನೊಂದಿಗಿನ ವ್ಯವಹಾರಕ್ಕೆ ಬರೋಣ. ಕೆಲಸ ಕೆಟ್ಟಿದೆ ಎಂದು ಕಂಡ ದಿನ ನಮ್ಮವರು ಮಾಡುವುದು ಎರಡರಲ್ಲಿ ಒಂದು: ಒಂದೋ ಊರ ಹಿರಿಯರನ್ನು ಕರೆದು ಕಟ್ಟೆಯ ಮೇಲೆ ನ್ಯಾಯ ಕೂಡಿಸುತ್ತಾರೆ, ಇಲ್ಲವೇ ಪೊಲೀಸ್ ಠಾಣೆಗೆ ಹೋಗುತ್ತಾರೆ. ಹಿರಿಯರ ಮಾತಿಗೆ ಬೆಲೆ ಇದೆ, ಆದರೆ ಅಲ್ಲಿ ಆದ ಒಪ್ಪಂದವನ್ನು ಬರೆದು ಸಹಿ ಹಾಕಿಸದಿದ್ದರೆ ಅದು ನಾಳೆಗೆ ಉಳಿಯುವುದಿಲ್ಲ. ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎನ್ನುತ್ತಾರೆ. ಬಹಳ ಸಲ ಅದು ಸರಿಯಾದ ಮಾತೇ. ಕೆಲಸ ಕೆಟ್ಟದಾಗಿ ಮಾಡುವುದು ಬೇರೆ, ಮೊದಲಿನಿಂದಲೇ ಮೋಸದ ಉದ್ದೇಶವಿರುವುದು ಬೇರೆ.

ಮೊದಲು ಮಾಡಬೇಕಾದ್ದು, ಏನನ್ನೂ ಒಡೆಯದಿರುವುದು. ಬೇರೆ ಗೌಂಡಿಯನ್ನು ಕರೆಸಿ ಆತುರದಲ್ಲಿ ಟೈಲ್ಸ್ ಕೀಳಿಸಿದರೆ ಸಾಕ್ಷಿಯೇ ಹೋಯಿತು. ದಿನಾಂಕ ಕಾಣುವ ಫೋಟೊ, ವಿಡಿಯೊ, ನೀರಿನ ಮಟ್ಟದ ದಿನಚರಿ, ಕೊಟ್ಟ ದುಡ್ಡಿನ ದಾಖಲೆ ಒಂದು ಕಡೆ ಮಾಡಿ. ದುಡ್ಡನ್ನು ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಹಾಕಿದ್ದರೆ ಅರ್ಧ ಗೆದ್ದಂತೆ. ನಗದು ಕೊಟ್ಟಿದ್ದರೆ ವಾಟ್ಸ್‌ಆಪಿನಲ್ಲಿ ‘ಇಂಥ ದಿನ ಇಷ್ಟು ಕೊಟ್ಟಿದ್ದೇನೆ’ ಎಂದು ಬರೆದು ಉತ್ತರ ಪಡೆಯಿರಿ. ಅಂಥ ಸಂದೇಶಗಳು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಡಿ, ಅದರ 63ನೇ ಕಲಂ ಕೇಳುವ ಪ್ರಮಾಣಪತ್ರದೊಡನೆ, ಸಾಕ್ಷ್ಯವಾಗಿ ನಿಲ್ಲುತ್ತವೆ. ಆಮೇಲೆ ಸಂಬಂಧವಿಲ್ಲದ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ ಲಿಖಿತ ವರದಿ ಬರೆಸಿ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ಅಂಥ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ಕಾಂಕ್ರೀಟಿನ ಗಟ್ಟಿತನ ನೋಡುವ ದಾರಿ ತಿಳಿಯುತ್ತದೆ. ‘ಕೆಲಸ ಸರಿ ಇಲ್ಲ’ ಎಂದು ಮಾಲೀಕ ಹೇಳುವುದಕ್ಕೂ, ‘ಹಳೆಯ ಟೈಲ್ಸ್ ಮೇಲೆ ಹೊಸದನ್ನು ಅಂಟಿಸಲಾಗಿದೆ, ಲೇಪನದ ಪದರವೇ ಇಲ್ಲ, ಸರಿಪಡಿಸಲು ಇಷ್ಟು ಖರ್ಚು’ ಎಂದು ಎಂಜಿನಿಯರು ಬರೆಯುವುದಕ್ಕೂ ಬಹಳ ಅಂತರವಿದೆ.

ಈ ವರದಿಯ ಪ್ರತಿ ಇಟ್ಟು ಗುತ್ತೇದಾರರಿಗೆ ಪತ್ರ ಬರೆಯಿರಿ. ಬೈಗುಳ ಬೇಡ. ಏನೇನು ಕೆಟ್ಟಿದೆ, ಯಾವ ದಿನದೊಳಗೆ ಬಂದು ನೋಡಬೇಕು, ಎಷ್ಟು ದಿನದಲ್ಲಿ ಸರಿಪಡಿಸಬೇಕು, ಇಲ್ಲದಿದ್ದರೆ ಬೇರೆಯವರಿಂದ ಮಾಡಿಸಿ ಖರ್ಚು ವಸೂಲಿಗೆ ಮುಂದಾಗುತ್ತೇವೆ — ಇಷ್ಟು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಸರಿಪಡಿಸಲು ಅವಕಾಶ ಕೊಟ್ಟಿದ್ದಿರಿ ಎಂಬುದು ಮುಂದೆ ಯಾವ ಕಟ್ಟೆಯಲ್ಲೂ ನಿಮ್ಮ ಪರವಾಗಿ ನಿಲ್ಲುತ್ತದೆ. ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ ಎಂಬುದು ನನ್ನ ಅನುಭವ, ಅಣ್ಣನದೂ ಇಲ್ಲೇ ಮುಗಿಯಿತು. ವರದಿ ಮತ್ತು ಸೀಮೆಸುಣ್ಣದ ಗೋಡೆಯ ಫೋಟೊ ಕಂಡ ಮೇಲೆ ಗುತ್ತೇದಾರರು ಬಂದು ಕುಳಿತರು, ಸಾಮಾನಿನ ಖರ್ಚಿನಲ್ಲಿ ಪಾಲು ಕೊಟ್ಟು ಒಂದು ಗೋಡೆ ಮತ್ತು ತಳ ಪೂರ್ತಿ ಕಿತ್ತು ಮಾಡಿಕೊಟ್ಟರು. ಈ ಸಲ ಎಲ್ಲವೂ ಬರಹದಲ್ಲಿತ್ತು.

ಅಲ್ಲಿಗೂ ಬಗೆಹರಿಯದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಹಣ ಪಡೆದು ಮನೆ ಕಟ್ಟಿಕೊಡುವುದೂ ‘ಸೇವೆ’ಯೇ ಎಂದು ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ, ಈಗಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣ ಸೇವೆಯ ವ್ಯಾಖ್ಯೆಯೊಳಗೇ ಇದೆ. ದುಡ್ಡು ಪಡೆದು ಮಾಡಿಕೊಡುವ ರಿಪೇರಿಯೂ ಸೇವೆಯೇ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಗುತ್ತೇದಾರ ಬೆಳಗಾವಿಯವನಿರಲಿ, ಸಾಂಗಲಿಯವನಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ನೀವೇ ನಿಂತು ವಾದಿಸಬಹುದು. ತೊಂದರೆ ಆದಂದಿನಿಂದ ದೂರು ಕೊಡಲು ಎರಡು ವರ್ಷ ಕಾಲಾವಕಾಶ. ‘ನಾಳೆ ಬರ್ತೀನ್ರೀ, ಕಬ್ಬಿನ ಸೀಜನ್ ಮುಗೀಲಿ’ ಎಂಬ ಮಾತು ನಂಬಿ ಕೂತರೆ ಆ ಎರಡು ವರ್ಷ ಕರಗುತ್ತವೆ. ಮೂರು ತಿಂಗಳಲ್ಲಿ, ತಜ್ಞ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗುವುದು ಒಳ್ಳೆಯದು. ದೂರಿಗೆ ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಎರಡು ಕಡೆ ಜನ ಎಡವುತ್ತಾರೆ. ತೋಟದ ಮನೆಯನ್ನು ಶನಿವಾರ–ಭಾನುವಾರ ಬಾಡಿಗೆಗೆ ಕೊಡುವವರಾದರೆ, ಎದುರಾಳಿ ‘ಇದು ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ’ ಎನ್ನುತ್ತಾನೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ಮಾಡಿದ್ದು ಎಂದು ನೀವು ತೋರಿಸಬೇಕಾಗುತ್ತದೆ, ಇಲ್ಲದಿದ್ದರೆ ಸಿವಿಲ್ ನ್ಯಾಯಾಲಯದ ದಾರಿ. ಇನ್ನೊಂದು, ಸಾಮಾನು ನಾವೇ ತಂದು ಗೌಂಡಿಗೆ ದಿನಗೂಲಿ ಕೊಟ್ಟು ನಾವೇ ಮೇಲೆ ನಿಂತು ಮಾಡಿಸುವ ಪದ್ಧತಿ. ಆಗ ಅವನು ನಿಮ್ಮ ಆಳು, ಗುತ್ತೇದಾರನಲ್ಲ. ಗ್ರಾಹಕ ಕಾಯ್ದೆ ವೈಯಕ್ತಿಕ ಸೇವೆಯ ಕರಾರನ್ನು ಹೊರಗಿಟ್ಟಿದೆ. ಇಡೀ ಕೆಲಸವನ್ನು ಒಪ್ಪಿಸಿಕೊಟ್ಟ ಗುತ್ತಿಗೆಯಿದ್ದರೆ ನಿಮ್ಮ ನೆಲೆ ಗಟ್ಟಿ. ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಐದು ವರ್ಷದ ಹೊಣೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಸೈಟು, ಫ್ಲ್ಯಾಟು ಮಾರುವ ಡೆವಲಪರ್‌ಗಳಿಗೆ; ನಿಮ್ಮ ಜಾಗದಲ್ಲಿ ನಿಮ್ಮ ಕೊಳ ರಿಪೇರಿ ಮಾಡಿದವರಿಗೆ ತಗುಲುವುದಿಲ್ಲ.

ಹಾಗಾಗಿ ಕಾಗದ ನೀವೇ ಮಾಡಿಕೊಳ್ಳಬೇಕು, ಕೆಲಸಕ್ಕೆ ಮುಂಚೆ. ಅದು ದೊಡ್ಡ ದಸ್ತಾವೇಜು ಆಗಬೇಕಿಲ್ಲ. ಹಳೆಯ ಟೈಲ್ಸ್ ಮತ್ತು ಗಿಲಾಯಿ ಪೂರ್ತಿ ತೆಗೆಯುವುದು, ಯಾವ ಕಂಪನಿಯ ಯಾವ ಲೇಪನ ಎಷ್ಟು ಪದರ, ಟೈಲ್ಸ್‌ಗೆ ಬರೀ ಸಿಮೆಂಟ್ ಅಲ್ಲದೆ ಐಎಸ್ 15477 ಗುರುತಿನ, ಈಜುಕೊಳಕ್ಕೆ ಒಪ್ಪುವ ಅಂಟು, ಸಂದಿಗೆ ಎಪಾಕ್ಸಿ, ಟೈಲ್ಸ್‌ಗೆ ಮುಂಚೆ ನೀರಿನ ಪರೀಕ್ಷೆ — ಇವು ಸ್ಪಷ್ಟ ಪದಗಳಲ್ಲಿ ಇರಬೇಕು. ದುಡ್ಡಿನ ವಿಷಯದಲ್ಲಿ ನನ್ನ ಮಾತು ಖಡಕ್ಕು. ಮುಂಗಡ ಐದರಲ್ಲಿ ಒಂದು ಪಾಲು ಮೀರದಿರಲಿ, ನೀರಿನ ಪರೀಕ್ಷೆ ಆದ ಮೇಲೆ ಒಂದು ದೊಡ್ಡ ಕಂತು, ಹತ್ತರಲ್ಲಿ ಒಂದು ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಕೈಯಲ್ಲಿ ಇಟ್ಟುಕೊಳ್ಳಿ. ಸರ್ಕಾರಿ ಕಾಮಗಾರಿಯಲ್ಲಿ ದೋಷ ಹೊಣೆಯ ಅವಧಿ ಎಂದು ಹಣ ಹಿಡಿದಿಡುವುದನ್ನು ಪ್ರತಿಯೊಬ್ಬ ಗುತ್ತೇದಾರರೂ ಬಲ್ಲರು. ಖಾಸಗಿ ಮನೆಯವರು ಕೇಳಿದಾಗ ಅದು ಅವಮಾನವಾಗಬೇಕಿಲ್ಲ. ಜಿಎಸ್‌ಟಿ ಉಳಿಸಲು ಬಿಲ್ಲು ಬೇಡ ಎನ್ನುವವರು ಬಿಲ್ಲಿನೊಂದಿಗೆ ತಮ್ಮ ಹಕ್ಕಿನ ದೊಡ್ಡ ಆಧಾರವನ್ನೂ ಬಿಟ್ಟುಕೊಡುತ್ತಾರೆ.

ಹಣ ತಡೆಹಿಡಿಯುವಾಗ ಒಂದು ಎಚ್ಚರ. ಗುತ್ತೇದಾರರ ಮೇಲಿನ ಸಿಟ್ಟು ಕೆಲಸಕ್ಕೆ ಬಂದ ಆಳುಗಳ ಹೊಟ್ಟೆಯ ಮೇಲೆ ಬೀಳಬಾರದು. ವಾರದ ಸಂತೆಯ ದಿನ ಕೂಲಿ ಸಿಗದೆ ಹೆಣ್ಣಾಳುಗಳು ಬರಿಗೈಯಲ್ಲಿ ಹೋದದ್ದನ್ನು ಕಂಡಿದ್ದೇನೆ. ಲೇಪನ ಬಿಟ್ಟದ್ದು ಅವರ ತೀರ್ಮಾನವಲ್ಲ. ಕೂಲಿಯ ಬಾಬತ್ತನ್ನು ಕರಾರಿನಲ್ಲೇ ಬೇರೆ ಬರೆಯಿಸಿ, ವಾರ ವಾರ ಮುಟ್ಟುವಂತೆ ನೋಡಿಕೊಳ್ಳಿ. ನಮ್ಮ ಗೌಂಡಿಗಳಿಗೆ ಈ ವಿದ್ಯೆಯನ್ನು ಕಲಿಸುವ ಏರ್ಪಾಟೂ ಬೇಕು. ಕೃಷಿ ಹೊಂಡ, ಮಳೆನೀರಿನ ತೊಟ್ಟಿ, ಈಜುಕೊಳ ಎಲ್ಲವೂ ಹೆಚ್ಚುತ್ತಿರುವ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳು, ಐಟಿಐಗಳು ವಾರದ ತರಬೇತಿ ನಡೆಸಿದರೂ ಎಷ್ಟೋ ನೀರು ಉಳಿದೀತು, ಎಷ್ಟೋ ಜಗಳ ತಪ್ಪೀತು.

ಮರುಕೆಲಸಕ್ಕೆ ಗುತ್ತೇದಾರರು ಒಪ್ಪಿದರೆ ದೀಪಾವಳಿ ಕಳೆದು ನೆಲದ ಹಸಿ ಇಳಿದ ಮೇಲೆ ಕೈ ಹಚ್ಚಿಸಿ, ಕೊಳದ ಸುತ್ತಲಿನ ಪಟ್ಟೆಗೆ ಆ ದಿನಗಳಲ್ಲಿ ನೀರು ಬಿಡಬೇಡಿ. ಬಿಸಿಲು ಇನ್ನೂ ಮೆತ್ತಗಿರುವುದರಿಂದ ಗಿಲಾಯಿ ಬಿರಿಯುವುದಿಲ್ಲ, ಗೋಣಿತಾಟು ಹಸಿ ಉಳಿಯುತ್ತದೆ. ಸಂಕ್ರಾಂತಿಯ ಸುಮಾರಿಗೆ ಬರೀ ಲೇಪನದ ಕೊಳಕ್ಕೆ ನೀರು ತುಂಬಿಸಿ ಎರಡು ವಾರದ ಪರೀಕ್ಷೆ ಮುಗಿಸಿದರೆ, ಟೈಲ್ಸ್ ಹಚ್ಚಿ ಅಂಟು ಒಣಗಲು ಬಿಟ್ಟೂ ಏಪ್ರಿಲಿನ ರಜೆಗೆ ಮಕ್ಕಳು ಬರುವ ಮುಂಚೆ ಕೈಯಲ್ಲಿ ತಿಂಗಳೊಪ್ಪತ್ತು ಉಳಿದಿರುತ್ತದೆ.